ಒಡ್ಡು ಒಡೆದ ವರ್ಷ

ನಾನು ಬಾಡಿಗೆಗಿರುವುದು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ, ಮಹಡಿ ಮೇಲಿನ ಮನೆ. ಕೆಳಗಿನ ಮನೆಯ ಯಜಮಾನರು ಸಣ್ಣ ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಕೆರೆಯ ಮಾತು ಬಂದರೆ ತಟ್ಟೆಯಲ್ಲಿನ ರೊಟ್ಟಿ ಆರಿದ್ದೂ ಅವರಿಗೆ ಗೊತ್ತಾಗದು. ಅವರ ತಮ್ಮನ ಮಗಳು ಕುಮಟಾ ಕಡೆ ಒಂದು ಸಣ್ಣ ಸಂಸ್ಥೆಯಲ್ಲಿದ್ದಾಳೆ. ಗುಡ್ಡದ ನೆತ್ತಿಯಿಂದ ಅಳಿವೆಯ ತನಕ ಒಂದು ಹಳ್ಳದ ಜಲಾನಯನವನ್ನು ಊರವರ ಕೈಯಿಂದಲೇ ಸರಿಪಡಿಸುವುದು ಆ ಸಂಸ್ಥೆಯ ಕೆಲಸ. ಹಬ್ಬಕ್ಕೆಂದು ಬಂದ ಹುಡುಗಿ ಮೂರು ದಿನವೂ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ದುಡ್ಡು ಕೇಳುವ ಅರ್ಜಿ, ಕೊನೆಯ ದಿನಾಂಕ ಹತ್ತಿರ. ಒಂದು ಸಂಜೆ ಕರೆಂಟು ಹೋಯಿತು, ಮೂವರೂ ಹೊರಗೆ ಕಟ್ಟೆಗೆ ಬಂದೆವು. ನಡುವೆ ಮಂಡಕ್ಕಿ, ಮೆಣಸಿನಕಾಯಿ. ಅವತ್ತು ಕೇಳಿಸಿಕೊಂಡದ್ದನ್ನು ನೆನಪಿದ್ದಷ್ಟು ಬರೆದಿದ್ದೇನೆ. ಹೆಸರು ಹಾಕಬೇಡಿ ಎಂದು ಇಬ್ಬರೂ ಹೇಳಿದರು. ಅವತ್ತು ಇಬ್ಬರೂ ಒಪ್ಪಿದ ಮಾತು ಅದೊಂದೇ ಇರಬೇಕು.

ದೊಡ್ಡಪ್ಪ: ಎಸ್ಟಿಮೇಟು ನೋಡಿದೆ ಕಣವ್ವಾ. ಗುಡ್ಡದ ಮೇಲೆ ಇಂಗುಗುಂಡಿ, ಹಳ್ಳಕ್ಕೆ ಅಲ್ಲಲ್ಲಿ ತಡೆ, ಕೆಳಗೆ ಗದ್ದೆ ಒಡ್ಡಿಗೆ ಮಣ್ಣು ಕಲ್ಲು, ತೂಬಿಗೆ ಹೊಸ ಬಾಗಿಲು. ರೇಟೂ ಸರಿ ಐತೆ. ನಾಲ್ಕನೇ ವರ್ಷ ಎಲ್ಲಿ?

ಹುಡುಗಿ: ಯೋಜನೆ ಮೂರೇ ವರ್ಷದ್ದು ದೊಡ್ಡಪ್ಪ.

ದೊಡ್ಡಪ್ಪ: ಅದನ್ನ ಸಮುದ್ರಕ್ಕೂ ಹೇಳಿ ಬಂದೀಯೇನು?

ಹುಡುಗಿ: ನಗಬೇಡಿ. ಮೊದಲು ಒಡ್ಡು ನಿಲ್ಲಲಿ, ಆಮೇಲೆ ನಾಲ್ಕನೇ ವರ್ಷದ ಮಾತು. ನೀವು ಇಲ್ಲಿ ಕೆರೆ ನೋಡಿದೀರಿ, ಅಳಿವೆ ನೋಡಿಲ್ಲ. ಅಘನಾಶಿನಿ ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟಿ, ಘಟ್ಟ ಇಳಿದು, ಕುಮಟಾದ ಹತ್ತಿರ ಸಮುದ್ರ ಸೇರ್ತದೆ. ನಡುವೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಉಬ್ಬರಕ್ಕೆ ಉಪ್ಪುನೀರು ಒಳಗೆ ನುಗ್ತದೆ, ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಅದನ್ನ ಆಚೆಗೆ ತಳ್ತದೆ. ಈ ಎರಡು ನೀರಿನ ಜಗಳದ ನಡುವೆ ಒಡ್ಡು ಹಾಕಿ ಗದ್ದೆ ಮಾಡಿದಾರೆ. ಗಜನಿ ಅಂತಾರೆ. ಅಲ್ಲಿ ಬೆಳೆಯೋ ಭತ್ತಕ್ಕೆ ಕಗ್ಗ ಅಂತ ಹೆಸರು, ಉಪ್ಪು ತಡೆದುಕೊಳ್ಳೋ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಕೊಂಡ್ರೆ ಮೀನು, ಸಿಗಡಿ. ಒಂದೇ ನೆಲ, ಆರು ತಿಂಗಳು ಅನ್ನ, ಆರು ತಿಂಗಳು ಸಾರು.

ದೊಡ್ಡಪ್ಪ: ಆ ಒಡ್ಡು ಮೊದಲು ಯಾರು ಹಾಕ್ತಿದ್ರು?

ಹುಡುಗಿ: ಊರವರೇ. ವರ್ಷವರ್ಷ ಕೂಡಿ ಮಣ್ಣು ಹಾಕ್ತಿದ್ರು. 1970ರ ದಶಕದಲ್ಲಿ ಸರ್ಕಾರ ಶಾಶ್ವತ ಒಡ್ಡು ಕಟ್ಟಿಸಿಕೊಡ್ತು.

ದೊಡ್ಡಪ್ಪ: ಶಾಶ್ವತ! ನಮ್ಮ ಇಲಾಖೆಯಲ್ಲಿ ಆ ಪದಕ್ಕೆ ಒಂದು ಟೆಂಡರಿಂದ ಇನ್ನೊಂದು ಟೆಂಡರಿನ ತನಕ ಅಂತ ಅರ್ಥ.

ಹುಡುಗಿ: ಅದಾದ ಮೇಲೆ ಊರವರು ಕೂಡಿ ಮಣ್ಣು ಹಾಕೋದು ಕಮ್ಮಿಯಾಯ್ತು. ಸಿಗಡಿಗೆ ರೇಟು ಬಂತು, ಭತ್ತ ಬಿಟ್ಟು ಗದ್ದೆನ ಸಿಗಡಿಯವರಿಗೆ ಗುತ್ತಿಗೆ ಕೊಟ್ರು. ಸಿಗಡಿಗೆ ರೋಗ ಬಂತು, ಅದೂ ನೆಲ ಕಚ್ತು. ಈಗ ಒಡ್ಡು ಕುಸಿದ ಕಡೆಯೆಲ್ಲ ಗದ್ದೆ ಪಾಳು.

ದೊಡ್ಡಪ್ಪ: ನೋಡು, ನಿನ್ನ ಬಾಯಿಂದಲೇ ಬಂತು. ಸರ್ಕಾರದ ದುಡ್ಡು ಬಂತು, ಊರವರ ಕೈ ನಿಂತಿತು. ಈಗ ಕೈ ನಿಂತೈತೆ ಅಂತ ನೀನು ಇನ್ನೊಂದು ಸಲ ದುಡ್ಡು ತರಾಕೆ ಹೊಂಟೀಯ.

ಹುಡುಗಿ: ಕೈ ನಿಂತದ್ದು ದುಡ್ಡು ಬಂದದ್ದರಿಂದ ಅಲ್ಲ, ಕೈ ಇದ್ದ ಹುಡುಗರು ಬೆಂಗಳೂರಿಗೆ ಹೋದದ್ದರಿಂದ. ನಿಮ್ಮ ಮಗನೂ ಅಲ್ಲೇ ಇದಾನಲ್ಲ.

ಯಜಮಾನರು ಒಂದು ಮೆಣಸಿನಕಾಯಿ ಮುಗಿಯುವಷ್ಟು ಹೊತ್ತು ಸುಮ್ಮನಾದರು. ಬೀದಿ ಕೊನೆಯಲ್ಲಿ ಯಾರದೋ ಮನೆಯ ಜನರೇಟರು ಶುರುವಾಯಿತು.

ದೊಡ್ಡಪ್ಪ: ಒಂದು ಕಥೆ ಹೇಳ್ತೀನಿ. ಯಾವ ಯೋಜನೆ, ಯಾವ ಊರು ಅಂತ ಕೇಳಬ್ಯಾಡ. ಒಂದು ಕೆರೆಗೆ ದುಡ್ಡು ಬಂತು. ಷರತ್ತು ಏನಂದ್ರೆ ಊರಲ್ಲಿ ಸಂಘ ಇರಬೇಕು. ಹದಿನೈದು ದಿನಕ್ಕೆ ಸಂಘ ಆತು. ಅಧ್ಯಕ್ಷ, ಕಾರ್ಯದರ್ಶಿ, ಇಬ್ಬರು ಮಹಿಳಾ ಸದಸ್ಯರು. ಆ ಮಹಿಳಾ ಸದಸ್ಯರು ಅಧ್ಯಕ್ಷನ ಹೆಂಡ್ತಿ, ಕಾರ್ಯದರ್ಶಿಯ ಅತ್ತೆ. ಬ್ಯಾಂಕಲ್ಲಿ ಖಾತೆ, ರಬ್ಬರ್ ಸ್ಟಾಂಪು, ಠರಾವು ಪುಸ್ತಕ. ಹೂಳು ತೆಗೆದ್ವಿ, ಏರಿಗೆ ಕಲ್ಲು ಹೊದಿಸಿದ್ವಿ, ಕೋಡಿ ಕಟ್ಟಿದ್ವಿ. ಕೆಲಸ ಚೊಲೋ ಆತು, ನಾನೇ ಮುಂದೆ ನಿಂತು ಮಾಡಿಸಿದ್ದು. ಐದು ವರ್ಷ ಬಿಟ್ಟು ಆ ದಾರಿಯಲ್ಲಿ ಹೋದಾಗ ಏರಿ ಮೇಲೆ ಜಾಲಿ ಬೆಳೆದಿತ್ತು. ಸಂಘ ಎಲ್ಲಪ್ಪ ಅಂದ್ರೆ ಪಾಸ್‌ಬುಕ್ಕು ತಂದು ತೋರಿಸಿದ್ರು. ಖಾತೆಯಲ್ಲಿ ದುಡ್ಡು ಇತ್ತು! ತೆಗೆಯೋಕೆ ಇಬ್ಬರ ಸಹಿ ಬೇಕು. ಅವರಿಬ್ಬರೂ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಎದುರುಬದುರು ನಿಂತು ಮಾತು ಬಿಟ್ಟಿದ್ರು.

ಹುಡುಗಿ: ಅದು ದುಡ್ಡಿನ ತಪ್ಪಾ, ಚುನಾವಣೆಯ ತಪ್ಪಾ?

ದೊಡ್ಡಪ್ಪ: ಸಂಘ ಹುಟ್ಟಿದ್ದೇ ದುಡ್ಡಿಗೆ. ನೀರಿಗೆ ಹುಟ್ಟಿದ್ದರೆ ಮಾತು ಬಿಟ್ಟವರೂ ತೂಬಿನ ಹತ್ತಿರ ಮಾತಾಡಲೇಬೇಕಿತ್ತು. ನಿನ್ನ ಅರ್ಜಿಯಲ್ಲೂ ಒಂದು ಸಾಲು ಐತಲ್ಲ, 'ಸಮುದಾಯದ ವಂತಿಗೆ' ಅಂತ. ಅಲ್ಲಿ ಏನು ಬರೆದೀಯ?

ಹುಡುಗಿ: ಶ್ರಮದಾನ ಅಂತ. ದಿನಗೂಲಿ ಲೆಕ್ಕದಲ್ಲಿ ಅದಕ್ಕೊಂದು ಬೆಲೆ ಕಟ್ಟಿ ಹಾಕಿದೀನಿ. ಎಲ್ಲರೂ ಹಾಗೇ ಹಾಕೋದು.

ದೊಡ್ಡಪ್ಪ: ಅಲ್ಲಿಗೆ ಕಾಗದದ ಮೇಲೆ ಊರವರು ಕೊಟ್ಟಂಗಾತು. ತಡಿ, ಒಂದು ಕಾಗದ ತರ್ತೀನಿ.

ಒಳಗೆ ಹೋಗಿ ಟಾರ್ಚು, ಒಂದು ಹಳೆಯ ಜೆರಾಕ್ಸು ಹಿಡಿದುಕೊಂಡು ಬಂದರು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದ ಕೆಲವು ಪುಟ. ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆ ತಾಲೂಕಿನ ಶಾಸನಗಳು ಅದರಲ್ಲಿವೆ, ಹರಿಹರದವೂ ಅಲ್ಲೇ. ಹರಿಹರ ತುಂಗಭದ್ರೆಯ ಊರು ಎಂದಷ್ಟೇ ನನಗೆ ಗೊತ್ತಿತ್ತು. ಚನ್ನಗಿರಿಯ ಸೂಳೆಕೆರೆಯಿಂದ ಹೊರಟ ಹರಿದ್ರಾ ಎಂಬ ಹೊಳೆ ಅಲ್ಲಿಗೇ ಬಂದು ಸೇರುತ್ತದೆ ಎನ್ನುವುದು ಇಷ್ಟು ವರ್ಷ ಇಲ್ಲಿದ್ದೂ ಆ ಟಾರ್ಚಿನ ಬೆಳಕಲ್ಲೇ ತಿಳಿದದ್ದು. ಸೇತುವೆ ಮೇಲೆ ಬಸ್ಸಿನಲ್ಲಿ ದಾಟುವವರಿಗೆ ಹೊಳೆಗೆ ಹೆಸರಿದೆ ಎಂದು ಯಾರು ಹೇಳಬೇಕು?

ದೊಡ್ಡಪ್ಪ: ಹರಿಹರೇಶ್ವರ ಗುಡಿ ಹೊಯ್ಸಳರ ಕಾಲದ್ದು, 1224ರಲ್ಲಿ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ನಾನು ಹೇಳೋದು ಆಮೇಲಿನ ಮಾತು, ವಿಜಯನಗರದ ಕಾಲ, 1410. ಹರಿಹರದ ಬ್ರಾಹ್ಮಣರು ತಮ್ಮ ದುಡ್ಡು ಹಾಕಿ ಹರಿದ್ರೆಗೆ ಒಂದು ಕಟ್ಟೆ ಕಟ್ಟಿದ್ರು. ಕಾಲುವೆ ಹೋಗಬೇಕಾದ್ದು ದೇವರ ಭೂಮಿ ಮೇಲೆ. ಒಪ್ಪಂದ ಏನು ಗೊತ್ತೈತೇನು? ಕಾಲುವೆ ನೀರು ಬಿದ್ದ ಭೂಮಿಯಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ದುಡ್ಡು ಹಾಕಿದೋರಿಗೆ. ಇಷ್ಟೇ ಆಗಿದ್ರೆ ನಾನು ಜೆರಾಕ್ಸ್ ಮಾಡಿಸ್ತಿರಲಿಲ್ಲ. ಕಟ್ಟೆ, ಕಾಲುವೆ ದುರಸ್ತಿಗೆ ಬಂದ್ರೆ ಖರ್ಚೂ ಅದೇ ಲೆಕ್ಕ. ಎರಡು ಪಾಲು ದೇವರ ಬೊಕ್ಕಸದಿಂದ, ಒಂದು ಪಾಲು ಇವರಿಂದ. ಕಟ್ಟೋ ದಿನವೇ ಒಡೆಯೋ ದಿನದ ಲೆಕ್ಕ ಬರೆದು ಕಲ್ಲಿಗೆ ಹಾಕಿಸ್ಯಾರೆ! ನಿನ್ನ ನಾಲ್ಕನೇ ವರ್ಷ ಅದರಲ್ಲಿ ಐತೆ. ಆರುನೂರು ವರ್ಷದ ಹಿಂದೆ.

ಹುಡುಗಿ: ಕೊಡಿ ಇಲ್ಲಿ, ನೋಡೋಣ... ಕಟ್ಟೆಗೆ ಮಣ್ಣು ಹೊತ್ತವರಿಗೆ ಎಷ್ಟು ಪಾಲು?

ದೊಡ್ಡಪ್ಪ: ಅದು...

ಹುಡುಗಿ: ಹೇಳಿ. ದೇವರಿಗೆ ಎರಡು, ದುಡ್ಡು ಹಾಕಿದೋರಿಗೆ ಒಂದು. ಮೂರಕ್ಕೆ ಮೂರು ಮುಗೀತು. ಹೊಳೆ ಮಧ್ಯೆ ನಿಂತು ಕಲ್ಲು ಇಟ್ಟವರು ಈ ಮೂರರಲ್ಲಿ ಎಲ್ಲಿ?

ದೊಡ್ಡಪ್ಪ: ಅವರಿಗೆ ಕೂಲಿ ಕೊಟ್ಟಿರ್ತಾರೆ.

ಹುಡುಗಿ: ಹಾಗಾದ್ರೆ ಅದು ಸಮುದಾಯದ ಕಟ್ಟೆ ಅಲ್ಲ, ಪಾಲುದಾರರ ಕಟ್ಟೆ. ನಾನು ಅದನ್ನ ತಪ್ಪು ಅನ್ನಲ್ಲ. ಆದರೆ ನೀವು 'ಊರವರ ಕೈ' ಅಂದಾಗ ಊರು ಅಂದ್ರೆ ಯಾರು ಅಂತ ಕೇಳಬೇಕಾಗ್ತದೆ. ಇನ್ನೊಂದು, ಆ ಕಟ್ಟೆ ಎಷ್ಟು ವರ್ಷ ಬಂತು?

ದೊಡ್ಡಪ್ಪ: ಅದಕ್ಕೂ ಶಾಸನ ಐತೆ, ಮುಂದಿನ ಪುಟ. 1424ರಷ್ಟೊತ್ತಿಗೆ ಕಟ್ಟೆ ಒಡೆದಿತ್ತು. ದಂಡನಾಯಕ ಚಾಮನೃಪ ಅನ್ನೋನು ದುಡ್ಡು ಕೊಟ್ಟು ಮತ್ತೆ ಕಟ್ಟಿಸಿದ.

ಹುಡುಗಿ: ಅಂದ್ರೆ ದುರಸ್ತಿಯ ಲೆಕ್ಕ ಕಲ್ಲಲ್ಲಿ ಬರೆದಿದ್ರೂ ದೊಡ್ಡದಾಗಿ ಒಡೆದಾಗ ಸರ್ಕಾರದ ಹತ್ತಿರ ಹೋಗಲೇಬೇಕಾಯ್ತು. ಹದಿನಾಲ್ಕೇ ವರ್ಷಕ್ಕೆ! ನಿಮ್ಮ ಸಾಕ್ಷಿ ನನ್ನ ಕಡೆಯೂ ಹೇಳಿತಲ್ಲ.

ದೊಡ್ಡಪ್ಪ: ಹೇಳಿತು, ಇಲ್ಲ ಅನ್ನಲ್ಲ. ಆದರೂ ಕೇಳೋಕೆ ಯಾರೋ ಇದ್ರಲ್ಲ? ಪಾಲು ಇದ್ದೋನು ಓಡಾಡ್ತಾನೆ. ಪಾಲಿಲ್ಲದೋನು ಏರಿ ಬಿರುಕು ಬಿಟ್ಟದ್ದನ್ನ ನೋಡ್ಕೊಂಡೇ ಬಸ್ಸಿಗೆ ಹೋಗ್ತಾನೆ. ಹಿಂದಿನೋರು ಕೆರೆಗೆ ಬರೀ ದುಡ್ಡು ಕೊಡ್ತಿರಲಿಲ್ಲ, ಭೂಮಿ ಬಿಡ್ತಿದ್ರು. ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಶಾಸನದಲ್ಲಿ ಬರೋದೆಲ್ಲ ಅದೇ. ಆ ಭೂಮಿ ಬೆಳೀತಾ ಇರೋ ತನಕ ಕೆರೆ ಕೆಲಸಕ್ಕೆ ಖರ್ಚು ಹುಟ್ಟುತಿತ್ತು. ನೀರಗಂಟಿಗೂ ಇನಾಮು ಭೂಮಿ. ಸಂಬಳ ಬಂತೋ ಇಲ್ಲೋ ಅಂತ ಅವನು ತಾಲೂಕು ಆಫೀಸಿಗೆ ತಿರುಗಬೇಕಿರಲಿಲ್ಲ.

ಹುಡುಗಿ: ಅದೆಲ್ಲ ಹೋದದ್ದು ಹೇಗೆ?

ದೊಡ್ಡಪ್ಪ: 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳೆಲ್ಲ ರದ್ದಾದ್ವು. ಆಮೇಲೆ 1974ರ ಭೂಸುಧಾರಣೆ. ಈ ಬಡಾವಣೆಗೆ ಯಾರ ಹೆಸರಿಟ್ಟಾರೆ, ಅವರೇ ಮಾಡಿದ್ದು.

ಹುಡುಗಿ: ಅದು ತಪ್ಪಾಯ್ತು ಅಂತೀರಾ?

ದೊಡ್ಡಪ್ಪ: ಹೆಂಗ ಅನ್ಲಿ? ನಿಮ್ಮಜ್ಜಗೆ ಎರಡೆಕರೆ ಬಂದದ್ದೇ ಅದರಿಂದ. ನಾನು ಎಂಜಿನಿಯರ್ ಓದಿದ್ದು ಆ ಎರಡೆಕರೆಯಿಂದ. ಉಳೋನಿಗೆ ಭೂಮಿ ಬಂತು, ಬರಬೇಕಿತ್ತು. ಆದರೆ ಕೆರೆ ಕೆಲಸಕ್ಕೆ ಆದಾಯ ಎಲ್ಲಿಂದ ಅನ್ನೋದನ್ನ ಯಾರೂ ಬದಲಿಗೆ ಬರೀಲಿಲ್ಲ. ಇಲಾಖೆ ಬರೀತದೆ ಅಂದ್ರು. ಇಲಾಖೆ ಅಂದ್ರೆ ನಾನು, ಒಂದು ಜೀಪು, ನೂರಾರು ಕೆರೆ.

ಯಜಮಾನರು ತಮ್ಮ ವಿರುದ್ಧವೇ ಸಾಕ್ಷಿ ಹೇಳುವುದನ್ನು ನಾನು ಮೊದಲ ಸಲ ಕೇಳಿದ್ದು. ಹುಡುಗಿ ಅದನ್ನು ಗಮನಿಸಿದಳೋ ಇಲ್ಲವೋ, ಮಾತನ್ನು ಬೇರೆ ಕಡೆಗೆ ಎಳೆದಳು.

ಹುಡುಗಿ: ಶ್ರಮದಾನ ಅಂತ ನಾನೇ ಬರೆದಿದೀನಲ್ಲ, ಅದರಲ್ಲೂ ನಂಗೆ ಅನುಮಾನ ಇದೆ. ಗದ್ದೆ ಇದ್ದೋರು ಮೊದಲ ದಿನ ಬಂದು ಫೋಟೋಗೆ ಗುದ್ದಲಿ ಹಿಡೀತಾರೆ. ಮೂರನೇ ದಿನ ಬುಟ್ಟಿ ಹೊರೋರು ಗದ್ದೆ ಇಲ್ಲದ ಹೆಂಗಸರು. ಅವರ ಒಂದು ದಿನದ ಕೂಲಿ ಹೋಯ್ತು, ಉಳಿದದ್ದು ಇನ್ನೊಬ್ಬರ ಗದ್ದೆ. 2006ರಲ್ಲಿ ಉದ್ಯೋಗ ಖಾತರಿ ಶುರುವಾದಾಗ ಮೊದಲ 200 ಜಿಲ್ಲೆಗಳಲ್ಲಿ ದಾವಣಗೆರೆಯೂ ಇತ್ತಲ್ಲ, ಆ ಕಾನೂನಿನಲ್ಲಿ ನಂಗೆ ಇಷ್ಟ ಆಗಿದ್ದು ಅದೇ. ಬುಟ್ಟಿಗೆ ಬೆಲೆ ಕಟ್ಟಿತು.

ದೊಡ್ಡಪ್ಪ: ಬುಟ್ಟಿಗೆ ಬೆಲೆ ಕಟ್ಟಿದ ಮೇಲೆ ಬುಟ್ಟಿ ಹೆಸರಲ್ಲಿ ಜೆಸಿಬಿ ಬಂದದ್ದೂ ಉಂಟು.

ಹುಡುಗಿ: ಉಂಟು. ಅದಕ್ಕೇ ಲೆಕ್ಕ ಊರ ಮುಂದೆ ಓದಬೇಕು ಅಂತ ಸಾಮಾಜಿಕ ಪರಿಶೋಧನೆ ಇಟ್ಟದ್ದು. ನಿಮ್ಮ ಕಲ್ಲಿನ ಶಾಸನದಲ್ಲಿ ಅದಿಲ್ಲ.

ದೊಡ್ಡಪ್ಪ: ಕಲ್ಲಲ್ಲಿ ಬರೆದು ಗುಡಿ ಮುಂದೆ ನಿಲ್ಲಿಸಿದ್ದೇ ಪರಿಶೋಧನೆ ಕಣವ್ವಾ. ಇರಲಿ. ಸರ್ಕಾರ ಬ್ಯಾಡ, ಊರವರ ಕೈಲಿ ಆಗಲ್ಲ ಅಂದ್ರೆ ಮಠ, ಕ್ಷೇತ್ರ ಅದಾವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೋರು 'ನಮ್ಮ ಊರು ನಮ್ಮ ಕೆರೆ' ಅಂತ ನಮ್ಮ ಬಯಲುಸೀಮೆ ಕೆರೆ ಹೂಳು ತೆಗೆಸ್ತಾರೆ. ಅಗೆಯೋ ಮಿಷನ್ನಿನ ಖರ್ಚು ಅವರದ್ದು, ಹೂಳು ಹೊರೋ ಟ್ರ್ಯಾಕ್ಟರ್ ಖರ್ಚು ರೈತನದ್ದು. ಹೂಳು ತನ್ನ ಹೊಲಕ್ಕೆ ಗೊಬ್ಬರ ಅಂತ ರೈತ ತಾನಾಗೇ ಬರ್ತಾನೆ. ಕೊಪ್ಪಳದ ಗವಿಮಠದ ಸ್ವಾಮಿಗಳು 2019ರಲ್ಲಿ ಹಿರೇಹಳ್ಳಕ್ಕೆ ಇಳಿದ್ರು. ಇಪ್ಪತ್ತು ಕಿಲೋಮೀಟರಿಗೂ ಮೇಲೆ ಹಳ್ಳ ಸ್ವಚ್ಛ ಆತು. ದುಡ್ಡು ಜನದ್ದು, ಮಿಷನ್ನು ಜನದ್ದು. ನಿನ್ನ ಅಘನಾಶಿನಿ ಹುಟ್ಟೋ ಶಿರಸಿಯಲ್ಲೇ ಜೀವಜಲ ಕಾರ್ಯಪಡೆ ಅಂತ ಊರ ದೇಣಿಗೆಯಲ್ಲಿ ಕೆರೆ ಮೇಲೆ ಕೆರೆ ತೆಗೆದಾರೆ. ಒಂದು ಅರ್ಜಿ ಬರೆದ್ರೇನು ಅವರು?

ಹುಡುಗಿ: ಅವೆಲ್ಲ ಆಗಿದ್ದು ನಿಜ, ನಾನೂ ಮೆಚ್ಚಿದವಳೇ. ಆದರೆ ಕೆರೆ ಕಣ್ಣಿಗೆ ಕಾಣ್ತದೆ. ಹೂಳು ತೆಗೆದ್ರೆ ಮುಂದಿನ ಮಳೆಗೆ ನೀರು ನಿಲ್ತದೆ, ಬಾಗಿನ ಕೊಡಬಹುದು, ದೇಣಿಗೆ ಕೊಟ್ಟೋನು ಏರಿ ಮೇಲೆ ನಿಂತು ಹೆಮ್ಮೆ ಪಡಬಹುದು. ಗುಡ್ಡದ ಮೇಲೆ ನೂರು ಗುಂಡಿ ತೋಡಿ ಹತ್ತು ವರ್ಷ ದನ ಬಿಡದೆ ಕಾಯ್ದರೆ ಕೆಳಗಿನ ಅಳಿವೆಯಲ್ಲಿ ಹೂಳು ಕಮ್ಮಿಯಾಗ್ತದೆ. ಯಾರು ನೋಡ್ತಾರೆ ಅದನ್ನ? ಬರದೇ ಇದ್ದ ಹೂಳಿನ ಮುಂದೆ ಯಾರು ಬಾಗಿನ ಬಿಡ್ತಾರೆ ದೊಡ್ಡಪ್ಪ?

ಈ ಮಾತಿಗೆ ಯಜಮಾನರು ಬಾಯಿ ತುಂಬ ನಕ್ಕರು. ಆಮೇಲೆ ನಗು ನಿಂತಿತು.

ದೊಡ್ಡಪ್ಪ: ಅದು ನಮಗೂ ತಟ್ಟೋ ಮಾತು. ಭದ್ರಾ ನೀರು ನಾವು ಕುಡಿಯೋದು, ಗದ್ದೆಗೆ ಬಿಡೋದು. ಭದ್ರೆ ಹುಟ್ಟೋದು ಗಂಗಾಮೂಲದಲ್ಲಿ. ತುಂಗೆಯೂ ಅಲ್ಲೇ, ಮಂಗಳೂರಿಗೆ ಹೋಗೋ ನೇತ್ರಾವತಿಯೂ ಅಲ್ಲೇ. ಒಂದೇ ಗುಡ್ಡದ ಮೂವರು ಹೆಣ್ಣುಮಕ್ಕಳು, ಇಬ್ಬರು ಇತ್ತ, ಒಬ್ಬಾಕಿ ಅತ್ತ. ಕುದುರೆಮುಖದಲ್ಲಿ ಅದಿರು ತೆಗೆಯೋವಾಗ ಭದ್ರೆಗೆ ಕೆಂಪು ಮಣ್ಣು ಎಷ್ಟು ಬಂತು! ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಅದಕ್ಕೆ ಹೋರಾಡಿದೋರು ಮಲೆನಾಡಿನೋರು, ಕರಾವಳಿಯೋರು. ನಾವು ದಾವಣಗೆರೆಯೋರು ಏನು ಮಾಡಿದ್ವಿ? ಕಾಲುವೆ ಕೊನೆ ಭಾಗಕ್ಕೆ ನೀರು ಬರಲಿಲ್ಲ ಅಂತ ರಸ್ತೆ ತಡೆ ಮಾಡಿದ್ವಿ.

ಹುಡುಗಿ: ಅದಕ್ಕೇ ಹೇಳೋದು. ಮೇಲಿನವನು ಕಾಡು ಕಾಯ್ದರೆ ಕೆಳಗಿನವನಿಗೆ ಲಾಭ. ಕೆಳಗಿನವನು ಮೇಲಿನವನಿಗೆ ಕೊಡಬೇಕು. ಅದು ದಾನ ಅಲ್ಲ, ಬಾಕಿ. ದಾವಣಗೆರೆ ನೀರಿನ ಬಿಲ್ಲಿನಲ್ಲಿ ಒಂದು ರೂಪಾಯಿ ಕೊಪ್ಪ, ಕಳಸದ ಕಡೆಗೆ ಹೋದ್ರೆ ತಪ್ಪೇನು?

ದೊಡ್ಡಪ್ಪ: ಒಂದು ರೂಪಾಯಿ ಹೋಗ್ತದೆ. ಕಳಸ ಮುಟ್ಟೋದು ಎಷ್ಟು ಪೈಸೆ ಅಂತ ನನ್ನ ಕೇಳು, ಮೂವತ್ತು ವರ್ಷ ಬಿಲ್ಲು ಪಾಸು ಮಾಡಿದೀನಿ.

ಹುಡುಗಿ: ಹಾಗಂತ ಬಾಕಿ ಇಲ್ಲ ಅನ್ನೋಕಾಗಲ್ಲ. ಹೊರಗಿನ ದುಡ್ಡು ಬೇಡ ಅನ್ನೋದು ಸುಲಭ. ಹಸಿರು ಹವಾಮಾನ ನಿಧಿಯಿಂದ ಕರಾವಳಿ ಜನರಿಗೆ ಅಂತ ದೊಡ್ಡ ಯೋಜನೆ 2018ರಲ್ಲಿ ಮಂಜೂರಾಯ್ತು. ಆಂಧ್ರ, ಮಹಾರಾಷ್ಟ್ರ, ಒಡಿಶಾ, ಈ ಮೂರೇ ರಾಜ್ಯಕ್ಕೆ. ನಮ್ಮ ಕರಾವಳಿ ಅದರಲ್ಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ಜೌಗುಭೂಮಿ ಅನ್ನೋ ಪಟ್ಟ ಬಂತು, ಅಂಕಸಮುದ್ರ, ಮಾಗಡಿ ಕೆರೆ ಜೊತೆಗೆ. ಎಲ್ಲರೂ ಅಭಿನಂದನೆ ಹೇಳಿದ್ರು. ಪಟ್ಟದ ಜೊತೆ ಚೆಕ್ಕು ಬರಲ್ಲ. ಉಳಿದದ್ದು ಕಂಪನಿಗಳ ಸಿಎಸ್‌ಆರ್, ಲಾಭದಲ್ಲಿ ನೂರಕ್ಕೆ ಎರಡು. ನಾನು ಬರೀತಿರೋದೂ ಅದಕ್ಕೇ.

ದೊಡ್ಡಪ್ಪ: ಕಂಪನಿ ಅಂದ್ಯಾ? ಹರಿಹರದ ಪಕ್ಕದಲ್ಲಿ ಕೂತು ಕಂಪನಿ ದುಡ್ಡಲ್ಲಿ ಗುಡ್ಡ ಹಸಿರು ಮಾಡೋ ಮಾತಾಡಬ್ಯಾಡ. 1984ರಲ್ಲಿ ಸರ್ಕಾರ, ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಅಂತ ಒಂದು ಕಂಪನಿ ಮಾಡಿದ್ರು. ಸುಮಾರು 30,000 ಹೆಕ್ಟೇರ್ ಸಾಮೂಹಿಕ ಜಮೀನಿಗೆ ಗಿಡ ಹಚ್ಚೋದು. ಕಾಗದದ ಮೇಲೆ ಅದೂ ಅರಣ್ಯೀಕರಣವೇ. ಹಚ್ಚಿದ್ದು ನೀಲಗಿರಿ, ಕಂಪನಿಯ ತಿರುಳಿಗೆ. ದನ ಮೇಯೋ ಜಾಗ, ಸೌದೆ ತರೋ ಜಾಗ ಹೋತು. 1987ರ ನವೆಂಬರ್ 14ಕ್ಕೆ ಹಾನಗಲ್ ತಾಲೂಕಿನ ಕುಸನೂರಲ್ಲಿ ಜನ ಕೂಡಿ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ರು. ಕಿತ್ತಿಕೋ ಹಚ್ಚಿಕೋ! ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತ್ತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದ್ರು. 1991ರಲ್ಲಿ ಸರ್ಕಾರ ಆ ಕಂಪನಿ ಮುಚ್ಚೋ ತೀರ್ಮಾನ ಮಾಡ್ತು.

ಹುಡುಗಿ: ಆ ಕಥೆ ನಮ್ಮ ಸಂಸ್ಥೆಯಲ್ಲಿ ಮೊದಲ ವಾರವೇ ಹೇಳ್ತಾರೆ. ನಾನು ಅದರಿಂದ ಕಲಿತದ್ದು ಬೇರೆ. ಅಲ್ಲಿ ಜನ 'ದುಡ್ಡು ಬೇಡ' ಅನ್ನಲಿಲ್ಲ. 'ಯಾವ ಗಿಡ ಅಂತ ನಮ್ಮನ್ನ ಕೇಳಿ' ಅಂದ್ರು. ಹಚ್ಚಿಕೋ ಅನ್ನೋ ಮಾತೂ ಇತ್ತಲ್ಲ?

ದೊಡ್ಡಪ್ಪ: ಅದು ಖರೆ.

ಹುಡುಗಿ: ನಮ್ಮ ಅರ್ಜಿಗೆ ಮುಂಚೆ ನಾವು ಎಂಟು ತಿಂಗಳು ಸಭೆ ಮಾಡಿದೀವಿ. ಗದ್ದೆಯವರು, ಮೀನಿನವರು...

ದೊಡ್ಡಪ್ಪ: ಗದ್ದೆಯೂ ಇಲ್ಲದೋರು, ದೋಣಿಯೂ ಇಲ್ಲದೋರು?

ಹುಡುಗಿ: ...

ದೊಡ್ಡಪ್ಪ: ನೀನು ಮಣ್ಣು ಹೊತ್ತೋರ ಪಾಲು ಕೇಳಿದೆ. ಈಗ ನಾನು ಕೇಳ್ತೀನಿ. ಇಳಿತದ ಹೊತ್ತಿಗೆ ಕೆಸರಲ್ಲಿ ಇಳಿದು ಚಿಪ್ಪು ಆರಿಸೋರು ಅದಾರೆ ಅಂತ ನೀನೇ ಹೋದ ಸಲ ಫೋಟೋ ತೋರಿಸಿದ್ದೆ.

ಹುಡುಗಿ: ಬಳಚು. ಹೌದು, ಬಳಚು ತೆಗೆಯೋರು. ಅವರಿಗೆ ಸರ್ವೆ ನಂಬರು ಇಲ್ಲ. ಅಳಿವೆ ಕೆಟ್ಟರೆ ಮೊದಲು ಹೊಟ್ಟೆಗೆ ಪೆಟ್ಟು ಬೀಳೋದು ಅವರಿಗೇ. ಸಭೆಗೆ ಕರೆದಿದ್ವಿ. ಇಳಿತದ ಹೊತ್ತಿಗೇ ಸಭೆ ಇಟ್ಟಿದ್ವಿ ಅಂತ ಆಮೇಲೆ ಗೊತ್ತಾಯ್ತು.

ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಭೆಯ ಹೊತ್ತು ಗಡಿಯಾರ ನೋಡಿ ಗೊತ್ತುಮಾಡುವವರಿಗೆ ಸಮುದ್ರದ ಗಡಿಯಾರ ಬೇರೆ ಎಂದು ತೋಚುವುದಿಲ್ಲ. ಅದು ಆ ಹುಡುಗಿಯೊಬ್ಬಳ ತಪ್ಪಲ್ಲ. ನನ್ನ ಮಟ್ಟಿಗೆ ಆ ಸಂಜೆಯ ಅತ್ಯಂತ ದುಬಾರಿ ಲೆಕ್ಕ ಅದೇ. ಒಂದು ಸಭೆಯ ವೇಳೆ ತಪ್ಪಾದದ್ದಕ್ಕೆ 'ಸಮುದಾಯ' ಎನ್ನುವ ಪದದಿಂದ ಒಂದಿಷ್ಟು ಜನ ಹೊರಗುಳಿದರು, ಅವರಿಲ್ಲದೆಯೇ ಅಂದಾಜುಪಟ್ಟಿ ಸಿದ್ಧವಾಯಿತು.

ದೊಡ್ಡಪ್ಪ: ನೋಡವ್ವಾ, ನಾನು ಅರ್ಜಿ ಹಾಕಬ್ಯಾಡ ಅನ್ನಲ್ಲ. ಒಂದು ಮಾಡು. ಕೇಳೋ ದುಡ್ಡಲ್ಲಿ ಹತ್ತರಲ್ಲೊಂದು ಪಾಲು ಮುಟ್ಟದೆ ಇಡು. ದುರಸ್ತಿ ನಿಧಿ ಅಂತ. ನಬಾರ್ಡಿನ ಜಲಾನಯನ ಕೆಲಸದಲ್ಲೂ ನಿರ್ವಹಣಾ ನಿಧಿ ಅಂತ ಇಡ್ತಾರೆ. ಕೊಯ್ಲಾದ ಮೇಲೆ ಮೀನು ಸಿಗಡಿ ಬರ್ತದೆ ಅಂದ್ಯಲ್ಲ, ಅದರಲ್ಲಿ ವರ್ಷಕ್ಕೆ ಇಷ್ಟು ಅಂತ ಅದೇ ನಿಧಿಗೆ ಬರಲಿ. ಗದ್ದೆಯಿಂದ ಎರಡು, ಮೀನಿಂದ ಒಂದು. ಕಲ್ಲಲ್ಲಿ ಬರೆದಂಗೆ ಬರಿ.

ಹುಡುಗಿ: ಸಿಎಸ್‌ಆರ್ ದುಡ್ಡು ಕೂಡಿಡೋಕೆ ಬಿಡಲ್ಲ ದೊಡ್ಡಪ್ಪ. ಕೊಟ್ಟ ಅವಧಿಯಲ್ಲಿ ಖರ್ಚು ಮಾಡಿ ಲೆಕ್ಕ ಕೊಡಬೇಕು. ಉಳಿಸಿದ್ರೆ ಕೆಲಸ ಆಗಿಲ್ಲ ಅಂತ ಅರ್ಥ.

ದೊಡ್ಡಪ್ಪ: ಹಂಗಾದ್ರೆ ಖರ್ಚು ಮಾಡೋದೇ ಕೆಲಸ, ಉಳಿಸೋದು ಕಸುಬುಗಾರಿಕೆ ಅಲ್ಲ. ನಮ್ಮಲ್ಲೂ ಮಾರ್ಚ್ 31 ಬಂದ್ರೆ ಹಂಗೇ ಆಗ್ತಿತ್ತು.

ಹುಡುಗಿ: ಮತ್ತೆ ನಿಮ್ಮ ಎರಡು, ಒಂದರಲ್ಲಿ ಬಳಚಿನವರು ಎಲ್ಲಿ? ದುರಸ್ತಿಗೆ ಅವರಿಂದ ಪಾಲು ತಗೊಂಡ್ರೆ ಹೊಟ್ಟೆಗೆ ಹೊಡೆದ ಹಾಗೆ. ತಗೊಳ್ಳದೆ ಬಿಟ್ರೆ ನಿಮ್ಮ ಲೆಕ್ಕದಲ್ಲೇ ಅವರು ಕೇಳೋ ಹಕ್ಕಿಲ್ಲದವರು.

ದೊಡ್ಡಪ್ಪ: ಪಾಲು ದುಡ್ಡೇ ಆಗಬೇಕಾ? ಹಿಂದೆ ನೀರಗಂಟಿ ಏನು ದುಡ್ಡು ಹಾಕ್ತಿದ್ದನೇನು? ಕೆರೆ ಮೇಲೆ ಕಣ್ಣಿಡ್ತಿದ್ದ. ದಿನಾ ಕೆಸರಲ್ಲಿರೋರಿಗಿಂತ ಒಡ್ಡಿನ ಬಿರುಕು ಮೊದಲು ಕಾಣೋದು ಯಾರಿಗೆ? ಒಡ್ಡು ಕಾಯೋ ಕೆಲಸ ಅವರದ್ದು ಅಂತ ಬರಿ. ಸಂಬಳ ಇಟ್ಟು ಬರಿ, ಪುಕ್ಕಟೆ ಅಲ್ಲ.

ಹುಡುಗಿ: ಸಂಬಳ ಮೂರು ವರ್ಷ ಕೊಡಬಹುದು. ನಾಲ್ಕನೇ ವರ್ಷ?

ದೊಡ್ಡಪ್ಪ: ಈಗ ಆ ಪ್ರಶ್ನೆ ನಿನ್ನದಾತು!

ಅಷ್ಟರಲ್ಲಿ ಕರೆಂಟು ಬಂತು. ಹುಡುಗಿ ಎದ್ದು ಒಳಗೆ ಹೋದಳು. ಜೆರಾಕ್ಸು ಮಂಡಕ್ಕಿ ತಟ್ಟೆಯ ಪಕ್ಕದಲ್ಲೇ ಉಳಿಯಿತು, ಒಂದು ಮೂಲೆಗೆ ಎಣ್ಣೆ ಹತ್ತಿತ್ತು. ಮುಂದಿನ ಭಾನುವಾರ ನಾನು ಹರಿಹರಕ್ಕೆ ಹೋಗಿಬಂದೆ. ಗುಡಿಯ ಆವರಣದಲ್ಲಿ ಶಾಸನದ ಕಲ್ಲುಗಳು ನಿಂತಿವೆ. ಕಟ್ಟೆಯ ಕಲ್ಲು ಯಾವುದೆಂದು ನನ್ನ ಕಣ್ಣಿಗೆ ತಿಳಿಯಲಿಲ್ಲ, ಯಜಮಾನರನ್ನೇ ಕರೆದುಕೊಂಡು ಹೋಗಬೇಕಿತ್ತು.

ಹುಡುಗಿ ಅರ್ಜಿ ಕಳಿಸಿದ್ದಾಳೆ. ಆ ನಮೂನೆಯಲ್ಲಿ ದುರಸ್ತಿಗೆ ಬೇರೆ ಕಾಲಂ ಇರಲಿಲ್ಲವಂತೆ. 'ಇತರೆ' ಎಂಬ ಕೊನೆಯ ಸಾಲಿನಲ್ಲಿ ಒಡ್ಡು ಕಾಯುವವರ ಸಂಬಳ, ಮೀನಿನ ಪಾಲು, ಎರಡನ್ನೂ ಬರೆದಿದ್ದಾಳೆ. ಬಳಚಿನವರ ಸಭೆಯನ್ನು ಉಬ್ಬರದ ಹೊತ್ತಿಗೆ ಮತ್ತೆ ಕರೆದಿದ್ದಾರೆ. ದುಡ್ಡಿನ ಉತ್ತರ ಇನ್ನೂ ಬಂದಿಲ್ಲ.